ಪುಟ್ಟ ಸೈನಿಕರ ಆಟ: ದಾಳಕ್ಕಿಂತ ಸಾಲು ದೊಡ್ಡದು

ಮಾನ್ಯ ಸಂಪಾದಕರೇ,

ಮೇಜಿನ ಮೇಲೆ ಪುಟ್ಟ ಸೈನಿಕರನ್ನಿಟ್ಟು ಆಡುವ ಯುದ್ಧದಾಟದ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆವು. ಕನ್ನಡದಲ್ಲಿ ಈ ಆಟದ ಹೆಸರೆತ್ತುವವರೇ ಕಡಿಮೆ. ಅಷ್ಟರ ಮಟ್ಟಿಗೆ ಸಂತೋಷ. ಆದರೆ ಬರೆದವರು ಮೂರು ಮಾತು ಹೇಳಿಬಿಟ್ಟಿದ್ದಾರೆ. ಹದಿನೆಂಟನೇ ಶತಮಾನದ ಯುರೋಪಿನ ಸೇನೆಗಳು ಬುದ್ಧಿಯಿಲ್ಲದೆ ಎದುರುಬದುರು ನಿಂತು ಗುಂಡು ಹೊಡೆದುಕೊಳ್ಳುತ್ತಿದ್ದವಂತೆ. ಆಟದಲ್ಲಿ ದಾಳ ಬಿದ್ದವನೇ ಗೆಲ್ಲುವುದಂತೆ. ವಿದೇಶದಿಂದ ಬೊಂಬೆ ತರಿಸುವ ತಾಕತ್ತಿದ್ದವರಿಗಷ್ಟೇ ಇದು ಹೇಳಿ ಮಾಡಿಸಿದ್ದಂತೆ. ಮೂರೂ ತಪ್ಪು. ಮಡಿಕೇರಿ, ವಿರಾಜಪೇಟೆ ಕಡೆ ಈ ಆಟ ಆಡುವ ನಾಲ್ಕಾರು ಮಂದಿ ಕೂಡಿ ಬರೆಯುತ್ತಿರುವ ಪತ್ರವಿದು. ಉದ್ದವಾಯಿತು ಅನಿಸಿದರೆ ಕತ್ತರಿಸಿಕೊಳ್ಳಿ, ಆದರೆ ಅಳತೆಯ ಅಂಕಿಗಳನ್ನು ಮಾತ್ರ ಬಿಡಬೇಡಿ.

ಮೊದಲನೆಯ ಮಾತು ಕೊಡಗಿನವರಿಗೆ ಸಹಜವಾಗಿಯೇ ಬರುವಂಥದ್ದು. ಕೈಲ್ ಮುಹೂರ್ತದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವವರಿಗೆ, ಗುರಿಯೇ ಇಡದೆ ಆರುನೂರು ಜನ ಒಟ್ಟಿಗೆ ಕೋವಿಯ ಕುದುರೆ ಎಳೆಯುವುದು ಹುಚ್ಚಾಟದಂತೆ ಕಾಣುತ್ತದೆ. ಆದರೆ ಆ ಕಾಲದ ಮಸ್ಕೆಟ್‌ನ ನಳಿಗೆಯೊಳಗೆ ಗೀರುಗಳಿರಲಿಲ್ಲ. ಬೇಗ ತುಂಬಲೆಂದು ಗುಂಡನ್ನು ನಳಿಗೆಗಿಂತ ಸ್ವಲ್ಪ ಸಣ್ಣದಾಗಿಯೇ ಎರಕ ಹೊಯ್ಯುತ್ತಿದ್ದರು, ಹಾಗಾಗಿ ಅದು ನಳಿಗೆಯ ಗೋಡೆಗೆ ಬಡಿಯುತ್ತಾ ಹೊರಬೀಳುತ್ತಿತ್ತು. ಯಾವ ಕಡೆ ಹೋಗುತ್ತದೆಂದು ಹೊಡೆದವನಿಗೂ ಖಾತ್ರಿಯಿಲ್ಲ. ನೂರು ಗಜದಾಚೆ ಒಬ್ಬ ಮನುಷ್ಯನಿಗೆ ತಗಲಿದರೆ ಅದೃಷ್ಟ. ಚೆನ್ನಾಗಿ ಕಲಿತ ಸಿಪಾಯಿ ನಿಮಿಷಕ್ಕೆ ಎರಡು ಮೂರು ಸಲ ತುಂಬಿ ಹೊಡೆದಾನು. ಮದ್ದು ಕಾಗದದ ಪೊಟ್ಟಣದಲ್ಲಿರುತ್ತಿದ್ದುದರಿಂದ ಮಳೆ ಬಂದರೆ ಅದೂ ಕೆಟ್ಟಿತು. ಇಂಥ ಕೋವಿಯಿಂದ ಪ್ರಯೋಜನ ಪಡೆಯಲು ಇದ್ದ ದಾರಿ ಒಂದೇ: ಆರುನೂರು ಜನರನ್ನು ಮೂರು ಸಾಲಿನಲ್ಲಿ ನಿಲ್ಲಿಸಿ, ಎಲ್ಲ ನಳಿಗೆಗಳೂ ಎದುರಾಳಿಯ ಕಡೆಗೇ ಇರುವಂತೆ ಮಾಡಿ, ಒಟ್ಟಿಗೆ ಸುರಿಸುವುದು. ಹಿಂದೆ ಮುಂದೆ ಗುಂಪಾಗಿ ನಿಂತರೆ ಮುಂದಿನವರ ಕೋವಿಗಷ್ಟೇ ಕೆಲಸ. ಚದುರಿ ನಿಂತರೆ ಅಶ್ವದಳ ಬಂದು ಕಡಿದು ಹಾಕುತ್ತದೆ.

ಅಂದರೆ ಸಾಲು ಬುದ್ಧಿಗೇಡಿತನವಲ್ಲ, ಅದೇ ಆ ಕಾಲದ ಆಯುಧ. ಕೋವಿ ಅದರ ಒಂದು ಬಿಡಿಭಾಗವಷ್ಟೇ. ಉಬ್ಬುತಗ್ಗಿನ ಗದ್ದೆಬಯಲಲ್ಲಿ ನೂರು ಮೀಟರ್ ಅಗಲದ ಸಾಲನ್ನು ಸೊಟ್ಟಗಾಗದಂತೆ, ನಡುವೆ ಬಿರುಕು ಬಿಡದಂತೆ ನಡೆಸಿಕೊಂಡು ಹೋಗುವುದೇ ಸೇನಾಪತಿಯ ವಿದ್ಯೆಯಾಗಿತ್ತು. ಜರ್ಮನ್ ರಾಜ್ಯವಾದ ಪ್ರಶ್ಯದ ಸೇನೆ ತಾಳಕ್ಕೆ ಹೆಜ್ಜೆ ಹಾಕುವುದನ್ನು ಅಷ್ಟು ಕಟ್ಟುನಿಟ್ಟಾಗಿ ಕಲಿಸಿದ್ದು ಪೆರೇಡಿನ ಚಂದಕ್ಕಲ್ಲ. ಮದ್ದು ಗುಂಡು ಗಿಡಿಯಲು ಮರದ ಕೋಲಿನ ಬದಲು ಕಬ್ಬಿಣದ್ದನ್ನು ತಂದದ್ದೂ ಅದೇ ಸೇನೆ. ಮುರಿಯುವ ಭಯವಿಲ್ಲದೆ ಜೋರಾಗಿ ಗಿಡಿಯಬಹುದಾಗಿದ್ದರಿಂದ ತುಂಬುವ ವೇಗ ಹೆಚ್ಚಿತು. 1741ರ ಏಪ್ರಿಲ್ 10ರಂದು ಮೋಲ್ವಿಟ್ಸ್‌ನಲ್ಲಿ ಪ್ರಶ್ಯದ ಅಶ್ವದಳ ಚೆಲ್ಲಾಪಿಲ್ಲಿಯಾಗಿ, ದೊರೆ ಫ್ರೆಡ್ರಿಕ್‌ನೇ ಕಣ ಬಿಟ್ಟು ಹೋದ ಮೇಲೂ ಗೆಲುವು ದಕ್ಕಿದ್ದು ಕಾಲಾಳುಗಳ ಸಾಲು ಕೆಡದೆ ನಿಂತಿದ್ದರಿಂದ. ಎದುರಿದ್ದ ಆಸ್ಟ್ರಿಯದವರ ಕೈಯಲ್ಲಿ ಆಗಿನ್ನೂ ಮರದ ಕೋಲು.

ಒಳ್ಳೆಯ ಆಟ ಎಣಿಸಬೇಕಾದದ್ದು ಸತ್ತವರನ್ನಲ್ಲ, ಸಾಲಿನ ಗಲಿಬಿಲಿಯನ್ನು. ಗುಂಡು ತಗಲಿದಾಗಲೆಲ್ಲ ಬೊಂಬೆ ಎತ್ತಿಡುವ ನಿಯಮ ಹಳೆಯದು, ನಮಗೆ ರುಚಿಸದು. ಅದರಲ್ಲಿ ತುಕಡಿ ಸಣ್ಣದಾಗುತ್ತದೆಯೇ ಹೊರತು ಕೆಡುವುದಿಲ್ಲ. ನಾವು ಬೊಂಬೆ ಮುಟ್ಟುವುದಿಲ್ಲ. ತುಕಡಿಯ ಹಿಂದೆ ಒಂದೊಂದೇ ಹುರಿದ ಕಾಫಿಬೀಜ ಇಡುತ್ತೇವೆ. (ಚಪ್ಪಟೆ ಮಗ್ಗುಲು ಕೆಳಗಿರಲಿ. ದುಂಡನೆಯ ಪೀಬೆರಿ ಬೀಜ ಬೇಡ, ಉರುಳಿ ಹೋಗಿ ಪಕ್ಕದ ತುಕಡಿಯ ಲೆಕ್ಕಕ್ಕೆ ಸೇರುತ್ತದೆ, ಜಗಳ.)

ಅಳತೆ ಹೇಳುತ್ತೇವೆ. ಮೇಜು ಆರಡಿಗೆ ನಾಲ್ಕಡಿ, ಎಂದರೆ ಸುಮಾರು 180 ಸೆಂ.ಮೀ.ಗೆ 120. ನೆಲದ ಲೆಕ್ಕ 1 ಸೆಂ.ಮೀ.ಗೆ 10 ಮೀಟರ್. ಒಂದು ಬೊಂಬೆ ಎಂದರೆ 50 ಜನ. 600 ಜನರ ಬೆಟಾಲಿಯನ್‌ಗೆ 12 ಬೊಂಬೆ. ಮೂರು ಸಾಲಾಗಿ ನಿಂತರೆ ಸಾಲಿಗೆ 200 ಜನ, ಹೆಗಲಿಗೆ ಹೆಗಲು ತಾಗುವಂತೆ ನಿಂತವನಿಗೆ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ಜಾಗ. ಒಟ್ಟು 110-120 ಮೀಟರ್, ಮೇಜಿನ ಮೇಲೆ 12 ಸೆಂ.ಮೀ. ಹಾಗಾಗಿ 4 ಸೆಂ.ಮೀ. ಅಗಲ, 3 ಸೆಂ.ಮೀ. ಆಳದ ಮೂರು ಬೇಸ್ (ಬೊಂಬೆ ಅಂಟಿಸುವ ರಟ್ಟಿನ ತಳ) ಮಾಡಿ, ಒಂದೊಂದರ ಮೇಲೂ 15 ಮಿ.ಮೀ. ಎತ್ತರದ ನಾಲ್ಕು ಬೊಂಬೆಗಳನ್ನು ಎರಡು ಸಾಲಾಗಿ ಅಂಟಿಸಿದರೆ ಬೆಟಾಲಿಯನ್ ಸಿದ್ಧ. ಆಳದ ವಿಷಯದಲ್ಲಿ ಮಾತ್ರ ಸುಳ್ಳು ಹೇಳಲೇಬೇಕಾಗುತ್ತದೆ: ನಿಜವಾದ ಸಾಲಿನ ಆಳ ಮೂರು ನಾಲ್ಕು ಮೀಟರ್, ಬೇಸ್‌ನದು ಲೆಕ್ಕಕ್ಕೆ 30 ಮೀಟರ್. ಎರಡನೆಯ ಸಾಲಿನ ಬೆಟಾಲಿಯನ್‌ಗಳನ್ನು ಮೊದಲ ಸಾಲಿನವುಗಳ ಬೆನ್ನಿಗೇ ಅಂಟಿಸಿ ನಿಲ್ಲಿಸುವ ಹೊಸಬರು ಇದನ್ನು ಮರೆತಿರುತ್ತಾರೆ. 15ರಿಂದ 20 ಸೆಂ.ಮೀ. ಬಿಡಿ. ಇಲ್ಲದಿದ್ದರೆ ಮುಂದಿನ ತುಕಡಿ ಓಡಿದಾಗ ಹಿಂದಿನದನ್ನೂ ಎಳೆದುಕೊಂಡೇ ಹೋಗುತ್ತದೆ.

ಇದಕ್ಕಿಂತ ಸ್ವಾರಸ್ಯದ ಲೆಕ್ಕ ಮೆರವಣಿಗೆಯ ಸಾಲಿನದು. ಆ ಕಾಲದ ಸೇನೆ ದಾರಿ ನಡೆಯುವಾಗ ಸಣ್ಣ ಸಣ್ಣ ತುಂಡುಗಳಾಗಿ ಒಂದರ ಹಿಂದೊಂದು ಹೋಗುತ್ತಿತ್ತು. ಒಂದು ತುಂಡಿನ ಮುಂಬದಿಯಿಂದ ಇನ್ನೊಂದರ ಮುಂಬದಿಗೆ ಇರುವ ಅಂತರ ಒಂದು ತುಂಡಿನ ಅಗಲದಷ್ಟೇ ಇರಬೇಕಿತ್ತು. ಎದುರಾಳಿಯ ಪಕ್ಕಕ್ಕೆ ಸರಿಸಮನಾಗಿ ನಡೆದು ಬಂದು, ಆದೇಶ ಕೂಗಿದೊಡನೆ ಎಲ್ಲ ತುಂಡುಗಳೂ ಬಾಗಿಲು ತಿರುಗಿದಂತೆ ಒಟ್ಟಿಗೆ ತಿರುಗಿದರೆ ಇಡೀ ಸೇನೆ ಕ್ಷಣದಲ್ಲಿ ಸಾಲಾಗಿ ನಿಂತಿರುತ್ತಿತ್ತು. 1757ರ ಡಿಸೆಂಬರ್ 5ರಂದು ಲಾಯ್ಟನ್‌ನಲ್ಲಿ ಫ್ರೆಡ್ರಿಕ್ ಮಾಡಿದ್ದು ಇದನ್ನೇ. ಕುರುಚಲು ದಿಬ್ಬಗಳ ಮರೆಯಲ್ಲಿ ಸೇನೆಯನ್ನು ದಕ್ಷಿಣಕ್ಕೆ ನಡೆಸಿ, ತನಗಿಂತ ಹೆಚ್ಚುಕಡಿಮೆ ಇಮ್ಮಡಿಯಿದ್ದ ಆಸ್ಟ್ರಿಯ ಸೇನೆಯ ಎಡತುದಿಯ ಎದುರಿಗೆ ತಂದು ತಿರುಗಿಸಿದ. ಶಾಂತಿಕಾಲದಲ್ಲಿ ಅವನ ಸೇನೆ ಕವಾಯತು ಮಾಡುತ್ತಿದ್ದ ನೆಲವೇ ಅದು, ಪ್ರತಿ ದಿಬ್ಬವೂ ಗೊತ್ತಿತ್ತು.

ಮೇಜಿನ ಮೇಲೆ ಇದನ್ನು ಮಾಡಿ ನೋಡಿ. 4 ಸೆಂ.ಮೀ. ಅಗಲ, 3 ಸೆಂ.ಮೀ. ಆಳದ ಬೇಸ್‌ಗಳನ್ನು ಹಿಂದುಮುಂದಾಗಿ ಜೋಡಿಸುವಾಗ ನಡುವೆ ಸರಿಯಾಗಿ 1 ಸೆಂ.ಮೀ. ಬಿಡಿ. ಆಗ ಒಂದರ ಮುಂಬದಿಯಿಂದ ಮುಂದಿನದರ ಮುಂಬದಿಗೆ 4 ಸೆಂ.ಮೀ. ಪ್ರತಿ ಬೇಸನ್ನೂ ಅದರ ಮುಂದಿನ ಎಡಮೂಲೆ ಹಿಡಿದು ಎಡಕ್ಕೆ ಕಾಲುಸುತ್ತು ತಿರುಗಿಸಿದರೆ ಮೂರೂ ಸೇರಿ 12 ಸೆಂ.ಮೀ. ಸಾಲು, ಕೂದಲೆಳೆ ಬಿರುಕಿಲ್ಲದೆ. ನಡುವೆ ಜಾಗ ಬಿಡದೆ ಒತ್ತಿಟ್ಟಿದ್ದರೆ ತಿರುಗಿದಾಗ ಒಂದರ ಮೇಲೊಂದು ಏರುತ್ತವೆ. 2 ಸೆಂ.ಮೀ. ಬಿಟ್ಟರೆ ಸಾಲಿನಲ್ಲಿ ಕಿಂಡಿ ಬೀಳುತ್ತದೆ. ನಿಜವಾದ ಸೇನೆಯಲ್ಲೂ ಕೆಡುತ್ತಿದ್ದದ್ದು ಹೀಗೆಯೇ: ಮುಂದಿನವರು ಕೆಸರಿನಲ್ಲಿ ನಿಧಾನಿಸಿದರೆ ಹಿಂದಿನವರು ಒತ್ತೊತ್ತಾಗಿ, ತಿರುಗಲು ಜಾಗವಿಲ್ಲದೆ ಒದ್ದಾಡುತ್ತಿದ್ದರು. ಎಷ್ಟು ಓದಿದರೂ ಅರ್ಥವಾಗದ ಲಾಯ್ಟನ್ ಈ ಮೂರು ರಟ್ಟಿನ ತುಂಡಿನಿಂದ ಐದು ನಿಮಿಷದಲ್ಲಿ ತಿಳಿಯುತ್ತದೆ.

ಇನ್ನು ದಾಳ. ನಮ್ಮ ನಿಯಮ ಹೀಗಿದೆ. ಬೆಟಾಲಿಯನ್ ಗುಂಡು ಹಾರಿಸುವಾಗ ಬೇಸ್‌ಗೊಂದು ದಾಳ, ಒಟ್ಟು ಮೂರು. ಕೋವಿಯ ಹೊಡೆತ 10 ಸೆಂ.ಮೀ. ತನಕ. 10ರಿಂದ 5 ಸೆಂ.ಮೀ. ದೂರಕ್ಕೆ 5 ಅಥವಾ 6 ಬಿದ್ದರೆ ತಗಲಿತು, 5ಕ್ಕಿಂತ ಹತ್ತಿರವಾದರೆ 4 ಬಿದ್ದರೂ ಸಾಕು. ಬೆಟಾಲಿಯನ್ನಿನ ಮೊದಲ ಸುರಿತಕ್ಕೆ ಮಾತ್ರ ಒಂದು ಅಂಕದ ರಿಯಾಯಿತಿ. ಆ ಮೊದಲ ತೋಟಾವನ್ನು ಕದನಕ್ಕೆ ಮುಂಚೆ ನಿಧಾನವಾಗಿ, ಸರಿಯಾಗಿ ತುಂಬಿರುತ್ತಾರೆ. ಎರಡನೆಯದನ್ನು ಹೊಗೆಯಲ್ಲಿ, ಗಡಿಬಿಡಿಯಲ್ಲಿ ತುಂಬುತ್ತಾರೆ. ತಗಲಿದ್ದಕ್ಕೊಂದು ಕಾಫಿಬೀಜ. ಬೀಜ ಒಂದಿದ್ದರೆ ಒಂದು ದಾಳ ಕಡಿಮೆ. ಎರಡಾದರೆ ಎರಡು ದಾಳ ಕಡಿಮೆ, ಜೊತೆಗೆ ಸಾಲನ್ನು ತಿರುಗಿಸುವಂತಿಲ್ಲ. ಮೂರಾದರೆ ಗುಂಡೂ ಇಲ್ಲ, ಮುಂದೆ ಹೋಗುವುದೂ ಇಲ್ಲ. ನಾಲ್ಕಾದರೆ ಓಡಿತು, ಮೇಜಿನಿಂದ ತೆಗೆಯಿರಿ. ಅದು ಓಡಿದ ದಾರಿಯ 5 ಸೆಂ.ಮೀ. ಒಳಗಿದ್ದ ಅದೇ ಕಡೆಯವರಿಗೆಲ್ಲ ಒಂದೊಂದು ಬೀಜ.

ಈಗ ಲೆಕ್ಕ ಹಾಕಿ. ಮೊದಲ ಸುರಿತವನ್ನು 10 ಸೆಂ.ಮೀ.ನಲ್ಲೇ ಖರ್ಚು ಮಾಡಿದರೆ ಸರಾಸರಿ ಒಂದೂವರೆ ಬೀಜ. ಹಲ್ಲು ಕಚ್ಚಿ 5 ಸೆಂ.ಮೀ. ಒಳಗೆ ಬರುವ ತನಕ ಕಾದರೆ 3 ಬಿದ್ದರೂ ತಗಲುತ್ತದೆ, ಸರಾಸರಿ ಎರಡು ಬೀಜ, ಎದುರಾಳಿಗೆ ಉಳಿಯುವುದು ಒಂದೇ ದಾಳ, ಸಾಲು ತಿರುಗಿಸುವಂತೆಯೂ ಇಲ್ಲ. ಆದರೆ ಕಾಯುವಷ್ಟರಲ್ಲಿ ಅವನು ಹೊಡೆದಿದ್ದರೆ ನಿಮ್ಮ ಮೂರು ದಾಳ ಎರಡೋ ಒಂದೋ ಆಗಿರುತ್ತದೆ. 1745ರ ಮೇ 11ರ ಫಾಂಟೆನ್ವಾ ಕದನದಲ್ಲಿ ಬ್ರಿಟಿಷರೂ ಫ್ರೆಂಚರೂ 'ಮೊದಲು ನೀವು ಹೊಡೆಯಿರಿ' ಎಂದು ಮರ್ಯಾದೆ ಮಾಡಿಕೊಂಡರೆಂಬ ಕತೆ ನಿಜವೋ ಅಲ್ಲವೋ, ಅದರೊಳಗಿನ ಲೆಕ್ಕಾಚಾರ ಮಾತ್ರ ಇದೇ. ಮರ್ಯಾದೆಯಲ್ಲ, ಜಿಪುಣತನ.

ದಾಳವೇ ಗೆಲ್ಲಿಸುತ್ತದೆ ಎನ್ನುವವರಿಗೆ ಇನ್ನೂ ಒಂದು ಲೆಕ್ಕ. ಕಡೆಗೆ ಆರರಂತೆ ಹನ್ನೆರಡು ಬೆಟಾಲಿಯನ್‌ಗಳು ಆರಾರು ಸಲ ಮೂರೂ ದಾಳ ಹಾಕಿ ಗುಂಡು ಹಾರಿಸಿದರೆ ದಾಳ ಬೀಳುವುದು 216 ಸಲ. 5 ಅಥವಾ 6 ಬೀಳುವುದು ಸರಾಸರಿ 72. ಇದು 58ಕ್ಕಿಂತ ಕೆಳಗೆ ಅಥವಾ 86ಕ್ಕಿಂತ ಮೇಲೆ ಹೋಗುವುದು ಸುಮಾರು ಇಪ್ಪತ್ತೇಳು ಆಟಕ್ಕೊಮ್ಮೆ. ಒಂದು ಎಸೆತ ಅದೃಷ್ಟ ಇರಬಹುದು, ಸಂಜೆಯ ತನಕದ ಎಸೆತ ಅದೃಷ್ಟವಾಗುವುದಿಲ್ಲ. ಸೋತವರು ದಾಳವನ್ನು ಬೈಯುವುದು ಆಟದ ಶಾಸ್ತ್ರವೇ ಇರಲಿ, ಆದರೆ ಪತ್ರಿಕೆಯವರು ಅದನ್ನು ನಂಬಬಾರದು.

ಬೀಜ ಬೀಳುವುದು ಗುಂಡಿನಿಂದ ಮಾತ್ರವಲ್ಲ. ಕಾಡು, ಬೇಲಿ, ಗೋಡೆ ದಾಟಿದರೆ ಒಂದು. ಸಾಲನ್ನು 30 ಡಿಗ್ರಿಗಿಂತ ಹೆಚ್ಚು ತಿರುಗಿಸಿದರೆ ಒಂದು. ನಮ್ಮದೇ ಇನ್ನೊಂದು ತುಕಡಿಯ ನಡುವೆ ನುಸುಳಿದರೆ ಇಬ್ಬರಿಗೂ ಒಂದೊಂದು. ಶತ್ರುವಿನಿಂದ 20 ಸೆಂ.ಮೀ. ಆಚೆ ಒಂದು ಸರದಿ ಕದಲದೆ ನಿಂತರೆ ಒಂದು ಬೀಜ ತೆಗೆಯಬಹುದು, ಪಕ್ಕದಲ್ಲಿ ಸೇನಾಪತಿಯ ಬೊಂಬೆ ಇದ್ದರೆ ಎರಡು. ಸಾಲಿನ ನಡಿಗೆ ಸರದಿಗೆ 8 ಸೆಂ.ಮೀ., ಮೆರವಣಿಗೆಯಲ್ಲಾದರೆ 15. ಇಷ್ಟೇ ನಿಯಮದಿಂದ ಆಟದ ಮುಖವೇ ಬದಲಾಗುತ್ತದೆ. ಹೊಸಬರು ಮೊದಲ ಆಟದಲ್ಲಿ ಎಲ್ಲವನ್ನೂ ಮುಂದಕ್ಕೆ ತಳ್ಳುತ್ತಾರೆ. ಶತ್ರುವಿನ ಹತ್ತಿರ ಬರುವಷ್ಟರಲ್ಲಿ ಅವರ ಅರ್ಧ ಸೇನೆಯ ಬೆನ್ನ ಹಿಂದೆ ಎರಡೆರಡು ಬೀಜ, ಒಂದು ಗುಂಡೂ ಹಾರಿರುವುದಿಲ್ಲ.

ಅಶ್ವದಳದ್ದು ಬೇರೆ ಕತೆ. ಸುಮಾರು 150 ಸವಾರರ ಒಂದು ಸ್ಕ್ವಾಡ್ರನ್‌ಗೆ 5 ಸೆಂ.ಮೀ. ಅಗಲದ ಒಂದು ಬೇಸ್, ಅದರ ಮೇಲೆ ಮೂರು ಕುದುರೆ. ಐದು ಸ್ಕ್ವಾಡ್ರನ್ ಸೇರಿ ಒಂದು ರೆಜಿಮೆಂಟ್. ಸರದಿಗೆ 24 ಸೆಂ.ಮೀ. ಕೆಡದ ಕಾಲಾಳು ಸಾಲಿನ ಎದುರಿಗೆ ನುಗ್ಗಿದರೆ ಕುದುರೆಗಳು ಹಿಂಜರಿಯುತ್ತವೆ, ಅಶ್ವದಳಕ್ಕೇ ಎರಡು ಬೀಜ. ಅದೇ ಕಾಲಾಳಿಗೆ ಎರಡು ಬೀಜ ಬಿದ್ದಿದ್ದರೆ, ಅಥವಾ ಪಕ್ಕದಿಂದ ನುಗ್ಗಿದರೆ, ಕಾಲಾಳು ಮುಗಿದಂತೆ. ಗೆದ್ದ ಅಶ್ವದಳಕ್ಕೂ ಎರಡು ಬೀಜ ಕಡ್ಡಾಯ, ಏದುಸಿರು ಬಿಡುವ ಕುದುರೆಗಳನ್ನು ಒಟ್ಟುಗೂಡಿಸಲು ಎರಡು ಸರದಿ ನಿಲ್ಲಲೇಬೇಕು. ಗೆದ್ದ ಹುಮ್ಮಸ್ಸಿನಲ್ಲಿ ನಿಲ್ಲದೆ ಓಡಿಸಿದವರು ಮರು ಸರದಿಯಲ್ಲೇ ಅಳುತ್ತಾರೆ. 1757ರ ನವೆಂಬರ್ 5ರಂದು ರಾಸ್‌ಬಾಖ್‌ನಲ್ಲಿ ಫ್ರೆಡ್ರಿಕ್‌ನ ಅಶ್ವದಳದ ನಾಯಕ ಸೈಡ್ಲಿಟ್ಸ್ 38 ಸ್ಕ್ವಾಡ್ರನ್‌ಗಳೊಂದಿಗೆ ನುಗ್ಗಿದ್ದಕ್ಕಿಂತ ದೊಡ್ಡ ವಿಷಯ, ನುಗ್ಗಿದ ಮೇಲೆ ಅವುಗಳನ್ನು ತಡೆದು ನಿಲ್ಲಿಸಿ, ಮತ್ತೆ ಸಾಲು ಕಟ್ಟಿ, ಎರಡನೆಯ ಸಲ ಪಕ್ಕದಿಂದ ನುಗ್ಗಿದ್ದು. ಸುಮಾರು 22 ಸಾವಿರ ಜನರ ಸೇನೆ ಸುಮಾರು 41 ಸಾವಿರದ ಸೇನೆಯನ್ನು ಒಂದೂವರೆ ಗಂಟೆಯೊಳಗೆ ಮುರಿದದ್ದು ಹೀಗೆ.

ಫಿರಂಗಿಯ ಬಗ್ಗೆ ಒಂದೇ ಮಾತು: ಇಟ್ಟ ಕಡೆಯಿಂದ ಎತ್ತಬೇಡಿ. ಆಗ ಫಿರಂಗಿ ಎಳೆಯುವ ಕುದುರೆಗಳನ್ನು ಹೊಡೆಯುತ್ತಿದ್ದವರು ಬಹುಪಾಲು ಬಾಡಿಗೆಯ ಗಾಡಿಯವರು, ಗುಂಡು ಬೀಳತೊಡಗಿದರೆ ಅವರು ಅಲ್ಲಿರುತ್ತಿರಲಿಲ್ಲ. 12 ಪೌಂಡ್ ತೂಕದ ಗುಂಡು ಹಾರಿಸುವ ಫಿರಂಗಿಗೆ 90 ಸೆಂ.ಮೀ. ದೂರ ಕೊಡಿ, ಚರೆ ತುಂಬಿದ ಡಬ್ಬಿಗೆ 30. ಕಬ್ಬಿಣದ ಗುಂಡು ನೆಲಕ್ಕೆ ಬಡಿದು ಪುಟಿಯುತ್ತಾ ಸಾಲುಗಳನ್ನು ಸೀಳುವುದು ಗಟ್ಟಿನೆಲದಲ್ಲಿ. ಒದ್ದೆ ಮಣ್ಣಿನಲ್ಲಿ ಹೂತುಹೋಗುತ್ತದೆ. ಆಷಾಢದಲ್ಲಿ ನಮ್ಮ ತೋಟದ ಕೆಂಪುಮಣ್ಣು ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಬಂದ ದಿನದ ಕದನವಾದರೆ ಫಿರಂಗಿಯ ಒಂದು ದಾಳ ಕಳೆಯಿರಿ.

ಆದೇಶದ ನಿಯಮವಿಲ್ಲದೆ ಆಡುವವರೂ ಇದ್ದಾರೆ. ನಮ್ಮ ದೃಷ್ಟಿಯಲ್ಲಿ ಅದು ಉಪ್ಪಿಲ್ಲದ ಅಕ್ಕಿ ರೊಟ್ಟಿ. ಸೇನಾಪತಿ ಆಟ ಶುರುವಾಗುವ ಮೊದಲೇ ಪ್ರತಿ ಬ್ರಿಗೇಡಿಗೆ (ಕೆಲವು ತುಕಡಿಗಳ ಗುಂಪು) ಚೀಟಿಯಲ್ಲಿ ಆದೇಶ ಬರೆಯಬೇಕು. ಬದಲಿಸಬೇಕೆಂದರೆ ಹೊಸ ಚೀಟಿಯನ್ನು ಸವಾರನ ಬೊಂಬೆ ಹೊತ್ತು ಸರದಿಗೆ 30 ಸೆಂ.ಮೀ.ನಂತೆ ಹೋಗಬೇಕು. ತಲುಪಿದ ಮೇಲೆ ಒಂದು ದಾಳ: 2 ಬಿದ್ದರೆ ಒಂದು ಸರದಿ ತಡ, 1 ಬಿದ್ದರೆ ಆದೇಶ ತಪ್ಪಾಗಿ ಅರ್ಥವಾಯಿತು, ಆ ಬ್ರಿಗೇಡು ಹತ್ತಿರದ ಶತ್ರುವಿನ ಮೇಲೆ ನುಗ್ಗುತ್ತದೆ. ಅತಿಯಾಯಿತು ಎನ್ನುವವರು 1759ರ ಆಗಸ್ಟ್ 1ರ ಮಿಂಡನ್ ಕದನ ನೋಡಲಿ. ಬಂದ ಆದೇಶವನ್ನು ಬೇರೆಯೇ ತಿಳಿದುಕೊಂಡ ಬ್ರಿಟಿಷ್ ಕಾಲಾಳುಗಳು ನೇರ ಫ್ರೆಂಚ್ ಅಶ್ವದಳದ ಕಡೆಗೆ ನಡೆದರು, ಅಶ್ವದಳವನ್ನೇ ಹಿಮ್ಮೆಟ್ಟಿಸಿಯೂ ಬಿಟ್ಟರು. ಅದೇ ದಿನ, ಅದೇ ಸೇನೆಯಲ್ಲಿ, ಲಾರ್ಡ್ ಜಾರ್ಜ್ ಸ್ಯಾಕ್‌ವಿಲ್‌ಗೆ ಮುನ್ನುಗ್ಗಿ ಎಂದು ಮತ್ತೆ ಮತ್ತೆ ಆದೇಶ ಹೋದರೂ ಅವರ ಅಶ್ವದಳ ಕದಲಲಿಲ್ಲ, ಮರುವರ್ಷ ಅವರ ಮೇಲೆ ಸೇನಾ ವಿಚಾರಣೆಯೇ ನಡೆಯಿತು. 1757ರ ಜೂನ್ 18ರಂದು ಕೋಲೀನ್‌ನಲ್ಲಿ ಫ್ರೆಡ್ರಿಕ್ ಸೋತದ್ದಕ್ಕೆ ಒಂದು ಕಾರಣ, ಶತ್ರುವಿನ ಎದುರಿನಿಂದ ದಾಟಿ ಹೋಗಬೇಕಿದ್ದ ಅವನ ತುಕಡಿಗಳು ನಡುದಾರಿಯಲ್ಲೇ ತಿರುಗಿ ಕಾದಾಟಕ್ಕೆ ಇಳಿದದ್ದು. ಹಾಗೆಯೇ ಸೇನಾಪತಿ ಮತ್ತು ಬ್ರಿಗೇಡಿಯರ್ ಬೊಂಬೆಗಳು 15 ಸೆಂ.ಮೀ. ಒಳಗಿಲ್ಲದಿದ್ದರೆ ಆ ಆಟಗಾರರು ಮಾತಾಡುವಂತಿಲ್ಲ. ಇದು ಎಲ್ಲಕ್ಕಿಂತ ಕಷ್ಟದ ನಿಯಮ. ಕಾಫಿ ಕುಡಿಯುತ್ತಾ ಮೇಜಿನ ಸುತ್ತ ಕೂತವರ ಬಾಯಿ ಮುಚ್ಚಿಸುವುದು ಫ್ರೆಡ್ರಿಕ್‌ಗೂ ಆಗುತ್ತಿರಲಿಲ್ಲ.

ಖರ್ಚಿನ ಮಾತಿಗೆ ಬರೋಣ. ಲೋಹದ ಅಥವಾ ಪ್ಲಾಸ್ಟಿಕ್ಕಿನ ಬೊಂಬೆ ಹೊರಗಿನಿಂದ ತರಿಸಿದರೆ ದುಬಾರಿ, ಒಪ್ಪಿದೆವು. 28 ಮಿ.ಮೀ. ಬೊಂಬೆಗಳಂತೂ ನೋಡಲು ಚಂದ, ಆದರೆ ಮೇಜೂ ಜೇಬೂ ಸಾಲದು. ಕಾಗದದ ಸೈನಿಕರಿಂದ ಶುರುಮಾಡಿ. ಮೊದಲ ಆಟಕ್ಕೆ ಒಂದು ಕಡೆಗೆ ಆರು ಬೆಟಾಲಿಯನ್, ಎರಡು ಅಶ್ವ ರೆಜಿಮೆಂಟ್, ಎರಡು ಫಿರಂಗಿ, ಮೂವರು ಅಧಿಕಾರಿಗಳು ಸಾಕು. ಕಾಲಾಳಿಗೆ 4 ಸೆಂ.ಮೀ. ಅಗಲ, 6 ಸೆಂ.ಮೀ. ಉದ್ದದ ಪಟ್ಟಿ. ಮುಂಬದಿಗೆ ಎರಡೂವರೆ, ಬೆನ್ನಿಗೆ ಎರಡೂವರೆ, ಬೇಸ್‌ಗೆ ಅಂಟಿಸಲು ಎರಡು ತುದಿಯಲ್ಲೂ ಅರ್ಧರ್ಧ ಸೆಂ.ಮೀ. ಒಂದು ಎ4 ಹಾಳೆಯಲ್ಲಿ ಇಂಥವು 20 ಹಿಡಿಸುತ್ತವೆ. ಬೇಸ್‌ಗೆ ಎರಡರಂತೆ 18 ಬೇಸ್‌ಗೆ 36 ಬೇಕು, ಎರಡು ಹಾಳೆ. 5 ಸೆಂ.ಮೀ. ಅಗಲ, 7 ಸೆಂ.ಮೀ. ಉದ್ದದ ಕುದುರೆ ಪಟ್ಟಿ ಹತ್ತಕ್ಕೆ ಇನ್ನೊಂದು. ಒಟ್ಟು ಮೂರು ಹಾಳೆಯಲ್ಲಿ ಸೇನೆ ಸಿದ್ಧ. ಬೇಸ್‌ಗೆ ಹಳೆಯ ಲಗ್ನಪತ್ರಿಕೆಯಷ್ಟು ಒಳ್ಳೆಯ ರಟ್ಟು ಅಂಗಡಿಯಲ್ಲೂ ಸಿಗುವುದಿಲ್ಲ. ಎರಡು ಪದರ ಅಂಟಿಸಿ. ಫೆವಿಕಾಲ್‌ನ ನೀರಿಗೆ ರಟ್ಟು ಸುರುಳಿಯಾಗುತ್ತದೆ, ರಾತ್ರಿಯಿಡೀ ಅಕ್ಕಿ ಚೀಲದ ಕೆಳಗಿಡಿ. ಆಮೇಲೆ ಎರಡೂ ಮಗ್ಗುಲಿಗೆ ಬಣ್ಣ ಬಳಿಯಿರಿ. ಒಂದೇ ಮಗ್ಗುಲಿಗೆ ಬಳಿದರೆ ಕಕ್ಕಡ ತಿಂಗಳ ಮಳೆಯ ತೇವಕ್ಕೆ ಮತ್ತೆ ಬಾಗುತ್ತದೆ.

ಬಣ್ಣ ತಪ್ಪಬಾರದು. ಪ್ರಶ್ಯದ ಕಾಲಾಳಿಗೆ ಕಡುನೀಲಿ ಕೋಟು, ಕೆಂಪು ಒಳಬಟ್ಟೆ ಕಾಣುವ ಮಡಿಕೆ. ಆಸ್ಟ್ರಿಯದವರಿಗೂ ಫ್ರೆಂಚರ ಬಹುಪಾಲು ರೆಜಿಮೆಂಟುಗಳಿಗೂ ಬಿಳಿ. ಬ್ರಿಟಿಷರಿಗೂ ಹ್ಯಾನೋವರಿನವರಿಗೂ ಕೆಂಪು. ರಷ್ಯನ್ನರಿಗೆ ಹಸಿರು. ಬವೇರಿಯದವರಿಗೆ ತಿಳಿನೀಲಿ. ತಲೆಗೆ ಮೂರು ಮೂಲೆಯ ಕಪ್ಪು ಟೋಪಿ, ಪ್ರಶ್ಯ, ಬ್ರಿಟನ್ನಿನ ಗ್ರೆನೇಡಿಯರ್‌ಗಳಿಗೆ (ಆಯ್ದ ಕಾಲಾಳುಗಳು) ಎತ್ತರದ ಮೊನಚು ಟೋಪಿ. ಬಿಳಿ ಕೋಟನ್ನು ನೇರ ಬಿಳಿಯಿಂದ ಬಳಿದರೆ ಸುಣ್ಣದ ಗೋಡೆಯಂತೆ ಕಾಣುತ್ತದೆ. ಮೊದಲು ತಿಳಿಬೂದು, ಒಣಗಿದ ಮೇಲೆ ಉಬ್ಬಿದ ಜಾಗಕ್ಕೆ ಮಾತ್ರ ಬಿಳಿ, ಮಡಿಕೆಗಳಲ್ಲಿ ಬೂದು ಉಳಿಯಲಿ.

ಲೋಹ, ಪ್ಲಾಸ್ಟಿಕ್ ಬೊಂಬೆ ಇಟ್ಟುಕೊಂಡವರಿಗೆ ಕೊಡಗಿನ ಮಳೆಯೇ ದೊಡ್ಡ ಶತ್ರು. ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಪ್ರೇ ಡಬ್ಬಿ ಮುಟ್ಟಬೇಡಿ. ಗಾಳಿಯ ತೇವ ಸೇರಿ ಪ್ರೈಮರ್ ಹಿಟ್ಟು ಹಿಟ್ಟಾಗುತ್ತದೆ, ಹೊಳಪಿಲ್ಲದ ವಾರ್ನಿಷ್ ಮಂಜು ಮುಸುಕಿದಂತೆ ಬೆಳ್ಳಗಾಗುತ್ತದೆ. ಬ್ರಷ್‌ನಲ್ಲಿ ಬಳಿಯುವ ಪ್ರೈಮರ್ ಸುರಕ್ಷಿತ. ವಾರ್ನಿಷ್ ಆಗಲೇ ಬೆಳ್ಳಗಾಗಿದ್ದರೆ ಮೇಲೊಂದು ತೆಳು ಹೊಳಪು ವಾರ್ನಿಷ್ ಹಚ್ಚಿ ನೋಡಿ, ಹೆಚ್ಚಿನ ಸಲ ಮಂಜು ಕರಗುತ್ತದೆ. ಫೆವಿಕ್ವಿಕ್ ಅಂಟಿನ ಸುತ್ತ ಬಿಳಿ ಪೊರೆ ಕಟ್ಟುವುದೂ ತೇವದಿಂದಲೇ, ಅಂಟು ಕಡಿಮೆ ಹಾಕಿ, ಗಾಳಿಯಾಡಲು ಬಿಡಿ. ಥರ್ಮೊಕೋಲ್ ದಿಬ್ಬಕ್ಕೆ ಅದೇ ಅಂಟಾಗಲಿ, ಸ್ಪ್ರೇ ಆಗಲಿ ತಾಗಿದರೆ ದಿಬ್ಬವೇ ಕರಗಿ ಕೆರೆಯಾಗುತ್ತದೆ. ಬೊಂಬೆಯ ಕಪಾಟಿಗೆ ನುಸಿಗುಳಿಗೆ ಹಾಕುವ ಅಭ್ಯಾಸವಿದ್ದರೆ ಬಿಡಿ, ಅದರ ಆವಿ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಬಿಗಿ ಮುಚ್ಚಳದ ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣ ಸಾಕು. ಹಳೆಯ ಸೀಸದ ಬೊಂಬೆಗಳನ್ನು ಹೊಸ ಪ್ಲೈವುಡ್ಡಿನ ಮುಚ್ಚಿದ ಕಪಾಟಿನಲ್ಲಿ ಇಟ್ಟರೆ ಮರದಿಂದ ಬರುವ ಹುಳಿ ಆವಿಗೆ ಬಿಳಿ ಪುಡಿ ಬಿಡುತ್ತವೆ. ಆ ಪುಡಿ ವಿಷ. ಮಕ್ಕಳ ಕೈಗೆ ಸೀಸದ್ದು ಬೇಡವೇ ಬೇಡ, ದೊಡ್ಡವರೂ ಮುಟ್ಟಿದ ಮೇಲೆ ಕೈ ತೊಳೆಯಲಿ.

ನೆಲ ಮಾಡುವುದು ಸುಲಭ. ಹಸಿರು ಕಂಬಳಿಯ ಕೆಳಗೆ ಪುಸ್ತಕ ತುರುಕಿದರೆ ದಿಬ್ಬ. ತೆಂಗಿನನಾರಿನ ಕಾಲೊರೆಸನ್ನು ಚೌಕವಾಗಿ ಕತ್ತರಿಸಿದರೆ ಕಟಾವಿಗೆ ಬಂದ ಗೋಧಿ ಹೊಲ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಬೇಲಿ. ಮರಗಳಿಗೆ ಕಪಾತಿನಲ್ಲಿ ಬಿದ್ದ ಕಾಫಿ ರೆಂಬೆಗಳ ತುದಿ, ಚೆನ್ನಾಗಿ ಒಣಗಿಸಿದ್ದು. ಹಸಿಯದಾದರೆ ವಾರದಲ್ಲಿ ಬೂಷ್ಟು, ಕಾಂಡಕೊರಕ ಹೊಕ್ಕಿದ್ದಾದರೆ ಮೇಜಿನ ಮೇಲೆಲ್ಲ ಹುಡಿ. ಒಂದು ಎಚ್ಚರ ಮಾತ್ರ ಬೇಕು. ಇಲ್ಲಿಯವರು ಮೇಜು ಮಾಡಿದರೆ ಅದು ಕೊಡಗೇ ಆಗಿಬಿಡುತ್ತದೆ, ಎಲ್ಲೆಲ್ಲೂ ಬೆಟ್ಟ, ಕಾಡು, ನಡುವೆ ಒಂದು ಹೊಳೆ. ಮೋಲ್ವಿಟ್ಸ್, ಲಾಯ್ಟನ್ ಇರುವ ಸೈಲೀಷ್ಯದ ಬಯಲು ಹಾಗಿಲ್ಲ. ಮೇಜಿನ ಮುಕ್ಕಾಲು ಪಾಲು ಖಾಲಿ ಬಿಡದಿದ್ದರೆ ಸಾಲಿನ ಸೇನೆ ನಡೆಯುವುದಾದರೂ ಎಲ್ಲಿ?

ಕಾಡಿನಲ್ಲಿ ಕಾದುವವರು ಬೇರೆ ಇದ್ದರು, ಅವರನ್ನು ನಮ್ಮವರು ಬೇಗ ಹಚ್ಚಿಕೊಳ್ಳುತ್ತಾರೆ. ಆಸ್ಟ್ರಿಯದ ದೊರೆಮನೆತನ ತುರ್ಕರ ಗಡಿಯುದ್ದಕ್ಕೂ ರೈತರನ್ನು ನೆಲೆಗೊಳಿಸಿ, ಭೂಮಿಗೆ ಬದಲಾಗಿ ಸೈನ್ಯದ ಚಾಕರಿ ಪಡೆಯುತ್ತಿತ್ತು. ಅವರೇ ಗ್ರೆಂಟ್ಸರ್‌ಗಳು. ಜಮ್ಮಾ ಭೂಮಿಯ ಅರ್ಥ ಗೊತ್ತಿರುವವರಿಗೆ ಈ ಏರ್ಪಾಡು ಹೊಸದೆನಿಸದು. ಆಟದಲ್ಲಿ ಇವರಿಗೆ ಕಾಡು ದಾಟಿದರೆ ಬೀಜವಿಲ್ಲ, ಚದುರಿದ್ದರಿಂದ ಇವರ ಮೇಲೆ ಹೊಡೆದವರಿಗೆ ಒಂದು ದಾಳ ಕಡಿಮೆ. ಆದರೆ ಬಯಲಿಗೆ ಬಂದರೆ ಹುಸಾರ್ ಎಂಬ ಹಗುರ ಅಶ್ವದಳಕ್ಕೆ ಉಪಾಹಾರ. ಕೊಡಗಿನ ಆಟಗಾರರು ಸೋಲುವುದು ಹೆಚ್ಚಾಗಿ ಇಲ್ಲೇ: ಗ್ರೆಂಟ್ಸರ್‌ಗಳ ಮೇಲಿನ ಮಮತೆಯಿಂದ ಅವರನ್ನೇ ನೆಚ್ಚಿ, ಸಾಲನ್ನು ಮರೆಯುತ್ತಾರೆ. ಸಾಲಿನ ಸೇನೆ ಕಾಡಿಗೆ ಬಂದರೆ ಏನಾಗುತ್ತದೆಂದು ಆಡಬೇಕಿದ್ದರೆ ನಮ್ಮ ಗಡಿಯಲ್ಲೇ ಕದನವಿದೆ. 1799ರ ಮಾರ್ಚ್ 6ರಂದು ಪಿರಿಯಾಪಟ್ಟಣದ ಕಡೆಯ ಕಾಡಿನಲ್ಲಿ ಬ್ರಿಟಿಷ್ ಕಂಪನಿ ಸೇನೆಯ ಮಾಂಟ್ರೆಸರ್‌ನ ಮೂರು ಸಿಪಾಯಿ ಬೆಟಾಲಿಯನ್‌ಗಳನ್ನು ಟಿಪ್ಪುವಿನ ಸೇನೆ ಮುತ್ತಿತು, ಜನರಲ್ ಸ್ಟುವರ್ಟ್ ನೆರವಿಗೆ ಬರುವ ತನಕ ಅವು ಹಿಡಿದುಕೊಂಡವು. ಮೂರು ಬೆಟಾಲಿಯನ್, ಸುತ್ತ ಕಾಡು, ದೂರದಿಂದ ಬರುವ ನೆರವು. ಒಂದು ಸಂಜೆಗೆ ಇದಕ್ಕಿಂತ ಒಳ್ಳೆಯ ಆಟವಿಲ್ಲ.

ಯುದ್ಧವನ್ನು ವೈಭವೀಕರಿಸುವ ಆಟವೆಂದೂ ಬರಹದ ಕೊನೆಗೆ ಒಂದು ಸಾಲಿತ್ತು. ಮನೆಮನೆಯಿಂದ ಸೇನೆಗೆ ಜನ ಹೋಗಿರುವ ಜಿಲ್ಲೆಯಿದು, ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ನಾವು ನೆನಪಿನಲ್ಲಿ ಹಸಿಯಾಗಿರುವ ಯಾವ ಯುದ್ಧವನ್ನೂ ಮೇಜಿಗೆ ತರುವುದಿಲ್ಲ. 1759ರ ಕೂನರ್ಸ್‌ಡಾರ್ಫ್‌ನಲ್ಲಿ ಫ್ರೆಡ್ರಿಕ್‌ನ ಸುಮಾರು 50 ಸಾವಿರ ಜನರಲ್ಲಿ 19 ಸಾವಿರದಷ್ಟು ಜನ ಒಂದೇ ದಿನದಲ್ಲಿ ಸತ್ತರು, ಗಾಯಗೊಂಡರು, ಇಲ್ಲವೇ ಸೆರೆಯಾದರು. ಮೇಜಿನ ಮೇಲೆ ಅದನ್ನಾಡಿ, ಗೆಲ್ಲುತ್ತಿದ್ದ ಮಧ್ಯಾಹ್ನ ನಿಲ್ಲಿಸದೆ ಇನ್ನೊಂದು ದಿಬ್ಬಕ್ಕೆ ಕೈಚಾಚಿ ಸಂಜೆಗೆ ಎಲ್ಲ ಕಳೆದುಕೊಂಡವರಿಗೆ ವೈಭವ ಕಾಣಿಸಿದ್ದನ್ನು ನಾವು ನೋಡಿಲ್ಲ.

ಕೊನೆಗೆ ಒಂದು ಸಣ್ಣ ತಿದ್ದುಪಡಿ. ಬರಹದ ಜೊತೆ ಅಚ್ಚಾದ ಚಿತ್ರದ ಕೆಳಗೆ ‘ಫ್ರೆಡ್ರಿಕ್ ಕಾಲದ ಸೈನಿಕರು’ ಎಂದಿದೆ. ಅವರ ತಲೆಯ ಮೇಲಿರುವುದು ಕೊಳವೆಯಂತೆ ನೆಟ್ಟಗೆ ನಿಂತ ಶಾಕೋ ಟೋಪಿ. ಬ್ರಿಟಿಷ್ ಕಾಲಾಳು ಅದನ್ನು ತೊಟ್ಟದ್ದು 1800ರಲ್ಲಿ, ಫ್ರೆಂಚರು 1806ರಲ್ಲಿ. ಫ್ರೆಡ್ರಿಕ್ ತೀರಿಕೊಂಡದ್ದು 1786ರಲ್ಲಿ. ಚಿತ್ರದಲ್ಲಿರುವವರು ನೆಪೋಲಿಯನ್ ಕಾಲದವರು. ಮುಂದಿನ ಸಲ ಮೂರು ಮೂಲೆಯ ಟೋಪಿಯ ಚಿತ್ರ ಬೇಕಿದ್ದರೆ ಕಾಗದದ್ದೇ ಆದರೂ ಒಂದು ಬೆಟಾಲಿಯನ್ ಕಳಿಸಿಕೊಡುತ್ತೇವೆ, ಬೇಸ್ ಬಾಗದಂತೆ ಎರಡು ರಟ್ಟಿನ ನಡುವೆ ಕಟ್ಟಿ.

ಇತಿ,
ಮೇಜಿನ ಮೇಲೆ ಈ ಆಟ ಆಡುವ ಕೆಲವರು,
ಮಡಿಕೇರಿ ಮತ್ತು ವಿರಾಜಪೇಟೆ